ನೀಲಿ ಬಾವುಟ ಮುಟ್ಟದ ಪಾಪಿ

ಜನರನ್ನು ಕೆಲಸಕ್ಕೆ ಕರೆಯುವುದೇ ನನ್ನ ಕೆಲಸ. ಟ್ರೆಂಬ್ಲಿ ಯಾರ್ಡಿನಿಂದ ಗಾಡಿ ಹೊರಡುವ ಒಂದೂವರೆ ಗಂಟೆ ಮುಂಚೆ ಅದರ ಡ್ರೈವರನ್ನೂ ಗಾರ್ಡನ್ನೂ ಹುಡುಕಿಕೊಂಡು ಹೋಗಬೇಕು. ಅವರು ಎಲ್ಲಿದ್ದರೆ ಅಲ್ಲಿ ಬಾಗಿಲು ತಟ್ಟಿ, ಪುಸ್ತಕ ಮುಂದೆ ಹಿಡಿದು, ಹೆಸರಿನ ಎದುರು ಸಮಯ ಬರೆಸಿ ಸಹಿ ಹಾಕಿಸಿಕೊಂಡು ಬರಬೇಕು. ‘ಎಲ್ಲಿದ್ದರೆ ಅಲ್ಲಿ’ ಎನ್ನುವ ಮಾತಿನಲ್ಲೇ ಎಲ್ಲವೂ ಇದೆ. ಗಂಡಸು ತನ್ನ ಮನೆಯಲ್ಲೇ ಮಲಗಿರಬೇಕು ಎಂದು ಕಂಪನಿಯ ನಿಯಮವೇನಿಲ್ಲ. ಕರೆದಾಗ ಸಿಗಬೇಕು, ಅಷ್ಟೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಜನರನ್ನು ಅವರವರ ಹಾಸಿಗೆಯಿಂದ ಎಬ್ಬಿಸಿದ್ದೇನೆ, ಬೇರೆಯವರ ಹಾಸಿಗೆಯಿಂದ ಎಬ್ಬಿಸಿದ್ದೇನೆ, ಒಬ್ಬನನ್ನು ಪಾದ್ರಿಯ ಕೋಳಿಗೂಡಿನಿಂದಲೂ ಎಬ್ಬಿಸಿದ್ದೇನೆ. ಯಾರನ್ನು ಎಲ್ಲಿ ಕಂಡೆ ಎಂದು ಇನ್ನೊಬ್ಬರ ಮುಂದೆ ಬಾಯಿಬಿಟ್ಟವನಲ್ಲ. ಬಿಟ್ಟರೆ ಮರುದಿನ ನನಗೆ ಯಾರೂ ಬಾಗಿಲು ತೆರೆಯುವುದಿಲ್ಲ.

ನನ್ನ ಹೆಸರು ಎಜ್ರಾ ಪೆಲ್. ಯಾರ್ಡಿನವರು ‘ಡೀಕನ್’ ಎನ್ನುತ್ತಾರೆ. ಚರ್ಚು ನನಗೆ ಆ ಪದವಿಯನ್ನು ಎಂದೂ ಕೊಟ್ಟಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಉಳಿದವರು ಕೀರ್ತನೆ ಹೇಳುವುದನ್ನು ಕೇಳುವುದಷ್ಟೇ ನನ್ನ ಭಕ್ತಿ. ನಮ್ಮಜ್ಜಿ ಪ್ರತಿ ಬೆಳಿಗ್ಗೆ ಬ್ರೆಡ್ಡಿನ ಹಿಟ್ಟು ನಾದುತ್ತಾ ಕೀರ್ತನೆಗಳನ್ನು ಒಂದಾದ ಮೇಲೊಂದು ಹೇಳುತ್ತಿದ್ದಳು. ನಾನು ಮೇಜಿನ ಕೆಳಗೆ ಕೂತು ಕೇಳುತ್ತಿದ್ದೆ. ಒಂದು ಸಾಲು ಬಿಟ್ಟುಹೋದರೂ ನನ್ನ ಕಿವಿಗೆ ಗೊತ್ತಾಗುತ್ತಿತ್ತು, ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಕಾಲಿಗೆ ಸಿಗದಂತೆ. ಈ ಕಥೆಗೆ ಆ ಕಿವಿ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಉಗಿ ಇಂಜಿನ್‌ಗಳು ಹೋಗಿ ಡೀಸೆಲ್ ಬಂದ ವರ್ಷ, ಏಪ್ರಿಲ್ ತಿಂಗಳು. ಡ್ರೈವರ್ ಡೆಲ್ಮರ್ ಕ್ರೌಚ್‌ನನ್ನು ಕರೆಯಲು ಅವನ ಬಾಡಿಗೆ ಕೋಣೆಗೆ ಹೋದೆ. ಇರಲಿಲ್ಲ. ಅವನ ಊಟದ ಡಬ್ಬಿ ಎರಡು ಬೀದಿ ಆಚೆ ಹೋಬರ್ಟ್ ಸ್ಲೇಟನ್‌ನ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಇತ್ತು. ತಟ್ಟಿದೆ. ಡೆಲ್ಮರ್ ಬರಿಗಾಲಲ್ಲಿ ಬಂದು ಪುಸ್ತಕ ತೆಗೆದುಕೊಂಡ.

“ಹತ್ತು ಐದು ಅಂತ ಬರ್ಕೊಂಡಿದೀಯ ಡೀಕನ್,” ಅಂದ ಜೇಬುಗಡಿಯಾರ ನೋಡಿ. “ಹತ್ತು ಆರು ಆಗಿದೆ. ನಿನ್ನ ಗಡಿಯಾರ ಅರ್ಧ ನಿಮಿಷ ಹಿಂದಿದೆ. ತಿದ್ದಿಸ್ಕೊ. ತಪ್ಪು ಸಮಯ ಬರೆದ್ರೆ ಅದು ಸುಳ್ಳು ದಾಖಲೆ ಆಗುತ್ತೆ.”

ಮತ್ತೊಬ್ಬನ ಅಡುಗೆಮನೆಯಲ್ಲಿ ನಿಂತು, ಮತ್ತೊಬ್ಬನ ಹೆಂಡತಿ ಮಾಡಿದ ಹಣ್ಣಿನ ಪೈ ಬಾಯಲ್ಲಿಟ್ಟುಕೊಂಡು, ಸುಳ್ಳು ದಾಖಲೆಯ ಬಗ್ಗೆ ನನಗೆ ಬುದ್ಧಿ ಹೇಳಿದ. ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಡೆಲ್ಮರನಿಗೆ ವ್ಯಂಗ್ಯ ಬರುತ್ತಿರಲಿಲ್ಲ.

ರೈಲ್ವೆ ಊರಿನಲ್ಲಿ ಗಂಡನಿಗೆ ಹಗಲು ಡ್ಯೂಟಿಯಿದ್ದರೆ ಪಾಪಗಳೆಲ್ಲ ಬೆಳಿಗ್ಗೆಯೇ ನಡೆಯಬೇಕಾಗುತ್ತದೆ. ಆಚೆ ಮನೆಯ ಮಿಸೆಸ್ ಟ್ರಿಪ್ ಬಟ್ಟೆ ಒಣಗಹಾಕುವ ಹೊತ್ತು, ಹಾಲಿನವನು ಖಾಲಿ ಬಾಟಲಿ ಎಣಿಸುವ ಹೊತ್ತು. ಇದರಿಂದ ವರ್ಲೀನ್ ಸ್ಲೇಟನ್‌ಗೆ ಬಹಳ ಬೇಸರವಿತ್ತು. ವರ್ಲೀನ್ ಎಂದರೆ ಹೋಬರ್ಟ್‌ನ ಹೆಂಡತಿ, ಮೂವತ್ತೊಂದು ವರ್ಷ. ವಾರಕ್ಕೆ ಮೂರು ಮ್ಯಾಟಿನಿ ನೋಡುತ್ತಿದ್ದಳು. ತೆರೆಯ ಮೇಲೆ ಪ್ರೀತಿಯೆಂದರೆ ಮಳೆ, ಕತ್ತಲೆ, ಸಿಗರೇಟಿನ ಹೊಗೆ, ಕಿಟಕಿಯ ಪಟ್ಟಿಗಳ ನೆರಳು ಹೆಂಗಸಿನ ಮುಖದ ಮೇಲೆ ಅಡ್ಡಡ್ಡ ಬೀಳುವುದು. ಅವಳು ಕ್ಯಾಟಲಾಗಿನಿಂದ ಅಂಥದ್ದೇ ಪಟ್ಟಿಪರದೆ ತರಿಸಿ ಅಡುಗೆಮನೆಗೆ ಹಾಕಿಸಿದಳು. ಆ ಕಿಟಕಿ ಉತ್ತರಕ್ಕೆ. ಬಿಸಿಲು ಆ ದಿಕ್ಕಿನಿಂದ ಬಂದದ್ದೇ ಇಲ್ಲ.

“ನಾವಿಬ್ರೂ ಕೆಟ್ಟೋರು, ಡೆಲ್ಮರ್,” ಎಂದು ಅವಳು ಪರದೆಯ ಪಕ್ಕ ನಿಂತು ಹೇಳಿದ್ದನ್ನು ಒಮ್ಮೆ ನಾನೇ ಕೇಳಿದ್ದೇನೆ. “ನಮಗೆ ಕ್ಷಮೆ ಇಲ್ಲ.”

“ನಂಗೆ ಹದಿನಾಲ್ಕು ವರ್ಷದಲ್ಲಿ ಒಂದೂ ಕಪ್ಪು ಚುಕ್ಕೆ ಬಿದ್ದಿಲ್ವಲ್ಲ,” ಅಂದ ಡೆಲ್ಮರ್, ನೊಂದುಕೊಂಡು.

ಕಪ್ಪು ಚುಕ್ಕೆ ಎಂದರೆ ನಮ್ಮ ಕಂಪನಿಯ ದಂಡನೆ. ನಿಯಮ ಮುರಿದವನ ಹೆಸರಿನ ಎದುರು ಐದೋ ಹತ್ತೋ ಚುಕ್ಕೆ ಬೀಳುತ್ತವೆ, ಅರವತ್ತಾದರೆ ಮನೆಗೆ. ಹೆಸರಿನ ಎದುರು ಬರೀ ಬಿಳಿ ಕಾಗದ ಇದ್ದವನು ಡೆಲ್ಮರ್ ಒಬ್ಬನೇ. ವರ್ಷಕ್ಕೊಮ್ಮೆ ಪರೀಕ್ಷಕ ಬ್ಯಾಸ್ಕಮ್ ಸಾಹೇಬರು ಬರುತ್ತಾರೆ. ಸೈಡಿಂಗಿನಲ್ಲಿ ನಿಲ್ಲಿಸಿದ ಒಂದು ಹಳೇ ಬೋಗಿಯಲ್ಲಿ ಎಲ್ಲರನ್ನೂ ಕೂಡಿಸಿ ನಿಯಮಪುಸ್ತಕವನ್ನು ಬಾಯಿಪಾಠ ಒಪ್ಪಿಸಿಕೊಳ್ಳುತ್ತಾರೆ. ಉಳಿದವರು ತಡವರಿಸುತ್ತಾರೆ, ಕೆಮ್ಮುತ್ತಾರೆ, ಪಕ್ಕದವನ ಕಾಲು ತುಳಿಯುತ್ತಾರೆ. ಡೆಲ್ಮರ್ ಎದ್ದು ನಿಂತು ಟೋಪಿ ತೆಗೆದು ಕಣ್ಣು ಮುಚ್ಚಿ ಹೇಳಲು ತೊಡಗಿದರೆ ಬೋಗಿ ಚರ್ಚಾಗುತ್ತಿತ್ತು. ಅದರಲ್ಲೂ ಇಪ್ಪತ್ತಾರನೆಯ ನಿಯಮ:

“ರಿಪೇರಿಯವನು ವ್ಯಾಗನ್ನಿನ ಕೆಳಗೆ ಇರುವಾಗ ಸಾಲಿನ ತುದಿಯಲ್ಲಿ ಹಳಿಗಳ ನಡುವೆ ನೀಲಿ ಬಾವುಟ ನಿಂತಿರತಕ್ಕದ್ದು. ಬಾವುಟ ನಿಂತಿರುವ ತನಕ ಆ ಸಾಲನ್ನು ಮುಟ್ಟತಕ್ಕದ್ದಲ್ಲ, ಅಲುಗಿಸತಕ್ಕದ್ದಲ್ಲ. ನೆಟ್ಟವನೇ ಅದನ್ನು ಕೀಳತಕ್ಕದ್ದು. ಬೇರೆ ಯಾವ ಕೆಲಸಗಾರನೂ, ಯಾರ ಮಾತಿನ ಮೇಲೂ, ಕೀಳತಕ್ಕದ್ದಲ್ಲ.”

ಅಜ್ಜಿ ಸತ್ತ ಮೇಲೆ ನನ್ನ ಕಣ್ಣಲ್ಲಿ ನೀರು ತರಿಸಿದ ಪಠನ ಅದೊಂದೇ.

ಇನ್ನು ಹೋಬರ್ಟ್. ಸಿನಿಮಾದಲ್ಲಾಗಿದ್ದರೆ ಅವನು ಕುಡುಕನೋ ಹೊಡೆಯುವವನೋ ಆಗಿರಬೇಕಿತ್ತು. ಅವನು ಎರಡೂ ಅಲ್ಲ. ವ್ಯಾಗನ್ ರಿಪೇರಿಯವನು, ಆನೆಯಂಥ ಮೈ, ಹಗಲು ಏಳರಿಂದ ಮೂರು ಡ್ಯೂಟಿ. ಉದ್ದ ಹಿಡಿಯ ಸುತ್ತಿಗೆಯಿಂದ ಪ್ರತಿ ಗಾಲಿಯನ್ನೂ ಬಡಿದು ಕಿವಿಗೊಟ್ಟು ಕೇಳುತ್ತಾನೆ. ಗಟ್ಟಿ ಗಾಲಿ ಗಂಟೆಯಂತೆ ಮೊಳಗುತ್ತದೆ. ಬಿರುಕಿದ್ದರೆ ಒಡಕು ದನಿ ಬರುತ್ತದೆ. ಅವನ ಅಪರಾಧವೇನೆಂದರೆ ಈ ಅಭ್ಯಾಸವನ್ನು ಮನೆಗೂ ತಂದದ್ದು. ಕಾಫಿ ಕಪ್ಪನ್ನು ಬೆರಳಿನಿಂದ ಬಡಿದು ನೋಡುವನು, ಕಲ್ಲಂಗಡಿ ಬಡಿಯುವನು, ಪೈ ತಟ್ಟೆ ಬಡಿಯುವನು, ಚರ್ಚಿನ ಬೆಂಚು ಬಡಿಯುವನು.

“ಮೊನ್ನೆ ಚಮಚ ತಗೊಂಡು ನನ್ನ ಭುಜಕ್ಕೇ ತಟ್ಟಿದ,” ಎಂದು ವರ್ಲೀನ್ ಡೆಲ್ಮರನಿಗೆ ಹೇಳಿ ಅತ್ತಳಂತೆ. “ತಟ್ಟಿ, ‘ಗಟ್ಟಿ ಇದೀಯ’ ಅಂದ. ಹನ್ನೊಂದು ವರ್ಷದಲ್ಲಿ ನನ್ನ ಗಂಡ ಆಡಿದ ಪ್ರೇಮದ ಮಾತು ಅದೊಂದೇ.”

ಹೋಬರ್ಟ್‌ನ ಪ್ರೇಮ ಅವನ ಬಾವುಟದಲ್ಲಿತ್ತು. ಕಂಪನಿ ಕೊಟ್ಟ ತಗಡಿನ ಬಾವುಟಕ್ಕೆ ತುಕ್ಕು ಹಿಡಿದಾಗ ವರ್ಲೀನ್ ತನ್ನ ಮದುವೆಯ ಪ್ರವಾಸದ ನೀಲಿ ಉಡುಪನ್ನು ಕತ್ತರಿಸಿ ಒಂದು ಬಟ್ಟೆಯ ಬಾವುಟ ಹೊಲಿದುಕೊಟ್ಟಿದ್ದಳು. ಅವರ ಸಂಬಂಧ ಇನ್ನೂ ಚೆನ್ನಾಗಿದ್ದ ಕಾಲ ಅದು. ಹೋಬರ್ಟ್ ಅದನ್ನು ದಿನಾ ಮಡಚಿ ಎದೆಯ ಜೇಬಿನಲ್ಲಿಟ್ಟು ತರುತ್ತಿದ್ದ. ನೆಡುವ ಮುನ್ನ ಒಮ್ಮೆ ಕೊಡವುತ್ತಿದ್ದ.

ಜೂನ್ ತಿಂಗಳ ಒಂದು ಗುರುವಾರ. ಡೆಲ್ಮರನನ್ನು ಕರೆಯಲು ನಾನು ನೇರ ಸ್ಲೇಟನ್‌ರ ಹಿಂಬಾಗಿಲಿಗೇ ಹೋದೆ. ಅವನ ಕೋಣೆಗೆ ಹೋಗುವುದನ್ನು ಆಗಲೇ ಬಿಟ್ಟಿದ್ದೆ. ಜಾಲರಿ ಬಾಗಿಲ ಆಚೆ ಅವನ ದನಿ ಕೇಳಿತು, ಸ್ಪಷ್ಟವಾಗಿ, ತಂತಿಯಲ್ಲಿ ಬಂದ ಆರ್ಡರನ್ನು ತಿರುಗಿ ಹೇಳುವ ದನಿ. ನಮ್ಮಲ್ಲಿ ಗಾಡಿಗೆ ಆರ್ಡರು ಬಂದರೆ ಕೇಳಿಸಿಕೊಂಡವನು ಅದನ್ನು ಅಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು, ಅಂಕೆಗಳನ್ನು ಬಿಡಿಸಿ ಎರಡು ಸಲ ಹೇಳಬೇಕು. ಕೊಟ್ಟವನು ‘ಸರಿ’ ಎಂದು ಸಮಯ ಹೇಳಿದ ಮೇಲೇ ಅದು ಆರ್ಡರು.

“ಬರೋ ಮಂಗಳವಾರ. ಹನ್ನೊಂದನೇ ಲೈನು, ಹ-ನ್ನೊಂ-ದು. ಮಧ್ಯಾಹ್ನ ಒಂದು ಗಂಟೆ, ಒಂ-ದು. ಉಳಿದೋರೆಲ್ಲ ಊಟಕ್ಕೆ ಕೂತಿರ್ತಾರೆ. ಹೋಬರ್ಟ್ ಸ್ಲೇಟನ್ ವ್ಯಾಗನ್ ಕೆಳಗಿರ್ತಾನೆ. ಡೆಲ್ಮರ್ ಕ್ರೌಚ್ ಶಂಟಿಂಗ್ ಇಂಜಿನ್ನಿಂದ ಸಾಲು ತಳ್ಳೋದು. ಆಮೇಲೆ ಯಾರಾದ್ರೂ ಕೇಳಿದ್ರೆ, ಬಾವುಟ ನೆಟ್ಟಿರಲಿಲ್ಲ ಪಾಪ ಅನ್ನೋದು. ಆರ್ಡರ್ ಸರಿಯಾ?”

“ಮೆಲ್ಲಗೆ ಮಾತಾಡೋ ಮಾರಾಯ! ಮಿಸೆಸ್ ಟ್ರಿಪ್ ಹೊರಗಿದಾಳೆ!” ವರ್ಲೀನಳ ದನಿ.

“ಸರಿ ಅಂದ್ರೆ ಸರಿ ಅನ್ನು. ಸಮಯ ಹೇಳು. ಇಲ್ದಿದ್ರೆ ಇದು ಆರ್ಡರೇ ಅಲ್ಲ.”

“ಅಯ್ಯೋ ದೇವರೇ. ಸರಿ! ಹತ್ತು ಇಪ್ಪತ್ತು.”

“ಹತ್ತು ಇಪ್ಪತ್ತೊಂದು,” ಅಂದ ಡೆಲ್ಮರ್.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮುಖ್ಯ ಲೈನಿನ ಹಿರಿಯ ಡ್ರೈವರು ಯಾಕೆ ಯಾರ್ಡಿನೊಳಗೆ ವ್ಯಾಗನ್ ತಳ್ಳುವ ಹಗಲು ಶಂಟಿಂಗ್ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ ಎಂದು ವಾರದಿಂದ ಯಾರ್ಡೆಲ್ಲ ತಲೆ ಕೆಡಿಸಿಕೊಂಡಿತ್ತು. ಬೆನ್ನುನೋವಿರಬೇಕು ಎಂದಿದ್ದರು. ಎದ್ದು ಬಾಗಿಲು ತಟ್ಟಿದೆ. ಡೆಲ್ಮರ್ ಬಂದು ಸಹಿ ಹಾಕಿದ. ಒಬ್ಬನನ್ನು ಕೊಲ್ಲಲು ಒಪ್ಪಿಕೊಂಡು ಎರಡು ನಿಮಿಷವಾಗಿತ್ತು; ಅಕ್ಷರ ಎಂದಿನಂತೆ ಮುತ್ತಿನ ಹಾಗಿತ್ತು.

ಹೋಬರ್ಟ್‌ಗೆ ಹೇಳಬೇಕು. ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಆದರೂ ನಾಲ್ಕು ದಿನ ಯೋಚಿಸಿದೆ. ಇಪ್ಪತ್ತೆರಡು ವರ್ಷ ಮುಚ್ಚಿದ ಬಾಯಿ ತೆರೆಯಲು ಹೋದರೆ ಕೀಲು ಕಿರುಗುಟ್ಟುತ್ತದೆ. ಅಲ್ಲದೆ ನನ್ನ ಕಿವಿಗೆ ಒಂದು ಸಮಾಧಾನ ಸಿಕ್ಕಿತ್ತು: ಆ ಆರ್ಡರಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಬಾವುಟ ಇರಲಿಲ್ಲ ಅನ್ನುವುದು ಎಂದು ಇದೆ. ಇರುವ ಬಾವುಟವನ್ನು ಕೀಳುವವರು ಯಾರು ಎಂದು ಇಲ್ಲ. ಹೋಬರ್ಟ್ ಬಾವುಟ ನೆಡದೆ ಇರುವವನಲ್ಲ. ಡೆಲ್ಮರ್ ಅದನ್ನು ಮುಟ್ಟುವವನಲ್ಲ. ಹಾಗಾದರೆ ಏನೂ ಆಗುವುದಿಲ್ಲ. ಹೇಡಿಗೆ ತರ್ಕ ಬೇಗ ಕೈಹತ್ತುತ್ತದೆ.

ಸೋಮವಾರ ಮಧ್ಯಾಹ್ನ ಹೋಬರ್ಟ್ ಹಲಗೆಯ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಪಕ್ಕ ಕೂತೆ.

“ನಾಳೆ ರಜೆ ಹಾಕೋ ಹೋಬರ್ಟ್. ಕೆರೆಗೆ ಹೋಗು. ಮೀನು ಹಿಡಿ.”

“ನಂಗೆ ಮೀನು ಆಗಲ್ಲ ಡೀಕನ್. ಮುಳ್ಳು.”

“ಹಿಡಿದು ಬಿಟ್ಟುಬಿಡು ಮತ್ತೆ.”

“ಬಿಡೋದಾದ್ರೆ ಯಾಕೆ ಹಿಡೀಬೇಕು?”

“ಬಾವುಟ ನೆಟ್ಟೇ ನೆಡ್ತೀಯ ತಾನೆ?”

“ಹದಿನೇಳು ವರ್ಷದಿಂದ ನೆಡ್ತಾ ಇದೀನಿ. ಯಾಕೆ?”

ಅವನು ಬೆರಳು ಮಡಚಿ ನನ್ನ ಎದೆಗೆ ಎರಡು ಸಲ ಬಡಿದು, ತಲೆ ವಾರೆ ಮಾಡಿ ಕೇಳಿದ. “ಏನೋ ಒಡಕು ಸದ್ದು ಬರ್ತಿದೆ ನಿನ್ನಿಂದ. ಮೈ ಹುಷಾರಿಲ್ವಾ?”

“ಇಲ್ಲ, ಚೆನ್ನಾಗಿದೀನಿ,” ಅಂದೆ. ಎದ್ದು ಬಂದೆ. ದೇವರು ನೋಡುತ್ತಿದ್ದ.

ಮಂಗಳವಾರ ಪುಸ್ತಕ ಹಿಡಿದು ಯಾರ್ಡಿಗೆ ಹೋದೆ. ಪ್ರಾರ್ಥನೆ ಮಾಡಲು ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರಾರ್ಥನೆಗೆ ಕಲ್ಲಿದ್ದಲ ವ್ಯಾಗನ್ನಿನ ಮರೆ ಯಾಕೆ ಬೇಕಾಯಿತೋ. ಹನ್ನೊಂದನೇ ಲೈನಿನಲ್ಲಿ ಆರು ವ್ಯಾಗನ್ ನಿಂತಿದ್ದವು. ಮೂರನೆಯದರ ಕೆಳಗಿನಿಂದ ಹೋಬರ್ಟ್‌ನ ಬೂಟು ಕಾಣುತ್ತಿತ್ತು. ಅಷ್ಟು ದೊಡ್ಡ ಮೈಗೆ ಬ್ರೇಕಿನ ಸರಳುಗಳ ನಡುವೆ ನುಸುಳಲು ಐದು ನಿಮಿಷ ಬೇಕು, ಹೊರಬರಲು ಹತ್ತು. ಒಳಗಿನಿಂದ ಟಣ್, ಟಣ್ ಎಂದು ಸುತ್ತಿಗೆಯ ಸದ್ದು. ಸಾಲಿನ ತುದಿಯಲ್ಲಿ ನೀಲಿ ಬಾವುಟ. ಅದರಿಂದ ಮೂವತ್ತು ಅಡಿ ದೂರದಲ್ಲಿ ಶಂಟಿಂಗ್ ಇಂಜಿನ್ನು ಗುರುಗುಡುತ್ತಿತ್ತು.

ಒಂದು ಗಂಟೆಗೆ ಸರಿಯಾಗಿ ಡೆಲ್ಮರ್ ಇಂಜಿನ್ನಿನಿಂದ ಇಳಿದ. ಬಾವುಟದ ತನಕ ನಡೆದ. ನಿಂತ. ಟೋಪಿ ತೆಗೆದ.

ಎಣ್ಣೆ ಶೆಡ್ಡಿನ ಹಿಂದಿನಿಂದ ವರ್ಲೀನ್ ಬಂದಳು. ಮನೆಯಲ್ಲಿ ಕೂತಿದ್ದರೆ ಆಗುತ್ತಿತ್ತು, ಆದರೆ ಕೊನೆಯ ದೃಶ್ಯ ತಪ್ಪಿಸಿಕೊಳ್ಳುವ ಜಾತಿಯವಳಲ್ಲ. ಕಪ್ಪು ಉಡುಪು, ಮುಖದ ಮೇಲೆ ಬಲೆ ಇಳಿಬಿಟ್ಟ ಕಪ್ಪು ಹ್ಯಾಟು. ಜೂನ್ ಬಿಸಿಲಿಗೆ ಬಲೆಯ ಕೆಳಗೆ ಪೌಡರು ಕರಗಿ ಗೆರೆಗೆರೆಯಾಗಿತ್ತು. ಕಿಟಕಿಪರದೆ ಕೊಡದಿದ್ದ ಪಟ್ಟಿಗಳು ಅಂತೂ ಮುಖಕ್ಕೆ ಸಿಕ್ಕಿದ್ದವು.

“ಏನು ಕಂಬದ ಹಾಗೆ ನಿಂತಿದೀಯ?”

“ಬಾವುಟ ಇದೆ.”

“ಇರುತ್ತೆ. ತೆಗಿ.”

“ಆರ್ಡರಲ್ಲಿ ಬಾವುಟ ನೆಟ್ಟಿರಲಿಲ್ಲ ಅಂತ ಇತ್ತು.”

“ಅದು ಆಮೇಲೆ ಹೇಳೋ ಮಾತು ಕಣೋ ಮಂಕೇ!”

“ಆಮೇಲೆ ಇರಲಿಲ್ಲ ಅನ್ನಬೇಕಾದ್ರೆ ಈಗ ಇರಬಾರದು. ಈಗ ಇದೆ.”

“ಕಿತ್ತು ಬಿಸಾಕು ಮತ್ತೆ!”

ಡೆಲ್ಮರ್ ಕೈ ಚಾಚಿದ. ಬೆರಳು ಬಟ್ಟೆಯಿಂದ ಒಂದು ಅಂಗುಲ ದೂರದಲ್ಲಿ ನಿಂತಿತು. ಕೈ ಹಿಂದಕ್ಕೆ ಬಂತು. ಅವನು ಕಣ್ಣು ಮುಚ್ಚಿ, ಪರೀಕ್ಷೆಯ ಬೋಗಿಯಲ್ಲಿ ನಿಂತವನ ಹಾಗೆ ಇಪ್ಪತ್ತಾರನೆಯ ನಿಯಮವನ್ನು ಮೊದಲಿನಿಂದ ಕೊನೆತನಕ ಹೇಳಿದ. ಒಂದು ಅಕ್ಷರ ತಪ್ಪಲಿಲ್ಲ. ಕಲ್ಲಿದ್ದಲ ಮರೆಯಲ್ಲಿ ನಾನೂ ತುಟಿ ಆಡಿಸುತ್ತಿದ್ದೆ.

“ಮೂರು ತಿಂಗಳಿಂದ ಬೈಬಲಿನ ಏಳನೇ ಆಜ್ಞೆ, ವ್ಯಭಿಚಾರ ಮಾಡಬೇಡ ಅನ್ನೋದನ್ನ, ಮುರೀತಾ ಇದೀಯ, ಭಾನುವಾರ ಒಂದು ಬಿಟ್ಟು,” ಅಂದಳು ವರ್ಲೀನ್. ಸಿನಿಮಾದ ದನಿ ಹೋಗಿ ಅವಳ ತಾಯಿಯ ಊರಿನ ದನಿ ಬಂದಿತ್ತು. “ಇವತ್ತು ಆರನೇದು, ಕೊಲ್ಲಬೇಡ ಅನ್ನೋದನ್ನ, ಮುರಿಯೋಕೆ ಅಂತ ಊಟ ಬಿಟ್ಟು ಬಂದಿದೀಯ. ಒಂದು ಗೇಣು ಬಟ್ಟೆ ನಿನಗೆ ಅಡ್ಡ ಬಂತಾ?”

“ಆ ಪುಸ್ತಕದಲ್ಲಿ ನಂಗೆ ಯಾರೂ ಪರೀಕ್ಷೆ ಮಾಡಿಲ್ಲ ವರ್ಲೀನ್.”

ಆ ಬಟ್ಟೆ ಅವಳ ಉಡುಪಾಗಿದ್ದ ಕಾಲದಲ್ಲಿ ಇವನ ಕೈಗೆ ಸಿಕ್ಕಿದ್ದರೆ ಕಳಚಲು ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ. ಕೋಲಿಗೆ ಸಿಕ್ಕಿಸಿದ ಮೇಲೆ ಅದು ಚರ್ಚಿನ ಬಲಿಪೀಠದ ವಸ್ತ್ರವಾಗಿಬಿಟ್ಟಿತ್ತು. ಮರೆಯಲ್ಲಿ ನಾನು ದೇವರಿಗೆ ಕೃತಜ್ಞತೆ ಹೇಳಿದೆ. ನನ್ನ ತರ್ಕ ಗೆದ್ದಿತು ಎಂದು ಒಂದಿಷ್ಟು ಜಂಬವನ್ನೂ ಪಟ್ಟೆ.

“ಈ ಬಟ್ಟೆ ನಂದು,” ಅಂದಳು ಅವಳು. “ಹೊಲಿದೋಳು ನಾನು. ನಾನೇ ತೆಗೀತೀನಿ.”

“ಹೊಲಿದೋರ ವಿಷಯ ನಿಯಮದಲ್ಲಿ ಇಲ್ಲ.” ಡೆಲ್ಮರ್ ಹುಬ್ಬು ಗಂಟಿಕ್ಕಿದ. ಪಾಠವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಳ್ಳುತ್ತಿರುವುದು ಕಾಣುತ್ತಿತ್ತು. “ಬೇರೆ ಯಾವ ಕೆಲಸಗಾರನೂ ಕೀಳತಕ್ಕದ್ದಲ್ಲ... ನೀನು ಕೆಲಸಗಾರಳಲ್ಲ. ನಿಯಮ ನಿನಗೆ ಹತ್ತಲ್ಲ.”

ಅವಳು ಬಾವುಟ ಕಿತ್ತಳು. ಕೋಲು ಬಿಸಾಕಿ, ಬಟ್ಟೆಯನ್ನು ಕೈಚೀಲಕ್ಕೆ ತುರುಕಿದಳು.

ವ್ಯಾಗನ್ನಿನ ಕೆಳಗೆ ಟಣ್, ಟಣ್ ನಿಂತಿತು.

ಡೆಲ್ಮರ್ ಹಳಿಗಳ ನಡುವೆ ನೋಡಿದ. ಜಲ್ಲಿ, ಎಣ್ಣೆ ಕಲೆ, ಬಾವುಟವಿಲ್ಲ. ಅವನ ಮುಖ ತಿಳಿಯಾಯಿತು, ಕಷ್ಟದ ಪ್ರಶ್ನೆಗೆ ಉತ್ತರ ಹೊಳೆದವನಂತೆ. “ಲೈನು ಖಾಲಿ,” ಎಂದು ಮೆಲ್ಲಗೆ ಹೇಳಿ ಟೋಪಿ ಹಾಕಿಕೊಂಡು ಇಂಜಿನ್ ಹತ್ತಿದ. ಅವನು ಕೊಲೆಗಾರನಂತೆ ಹತ್ತಲಿಲ್ಲ. ನಿಯಮವೇ ದಾರಿ ಬಿಟ್ಟುಕೊಟ್ಟ ಡ್ರೈವರನಂತೆ ಹತ್ತಿದ. ಚಲಿಸುವ ಮುನ್ನ ಗಂಟೆ ಬಾರಿಸಬೇಕೆಂದಿದೆ, ಬಾರಿಸಿದ. ವ್ಯಾಗನ್ನಿನ ಕೆಳಗೆ ಒಂದು ಬೂಟು ಜಲ್ಲಿಯನ್ನು ಒದೆಯತೊಡಗಿತು. ಆ ಮೈ ಹೊರಬರಲು ಹತ್ತು ನಿಮಿಷ ಬೇಕು.

ನಾನು ಓಡಿದೆ. ಏನು ಕೂಗುವುದು? ‘ನಿಲ್ಲಿಸು’ ಎನ್ನಲು ನಾನು ಯಾರು? ನನ್ನ ಮಾತಿಗೆ ಆ ಮನುಷ್ಯ ಯಾವ ನಿಯಮದ ಮೇಲೆ ನಿಲ್ಲಬೇಕು? ಹದಿನಾಲ್ಕು ವರ್ಷದಲ್ಲಿ ಅವನು ನನ್ನಿಂದ ಕೇಳಿದ್ದು ಒಂದೇ ಮಾತು. ಅದೇ ಬಾಯಿಗೆ ಬಂತು.

“ಡೆಲ್ಮರ್ ಕ್ರೌಚ್! ಕರೆ ಬಂದಿದೆ!”

ಅವನ ಕೈ ಹಿಡಿಕೆಯ ಮೇಲೆ ನಿಂತಿತು.

“ಯಾವ ಗಾಡಿ?”

“ಪಶ್ಚಿಮಕ್ಕೆ. ಸ್ಪೆಷಲ್.”

“ನಾನೀಗ ಶಂಟಿಂಗಲ್ಲಿದೀನಲ್ಲ ಡೀಕನ್.”

“ಡ್ರೈವರ್ ಯಾರೂ ಸಿಕ್ತಿಲ್ಲ. ನೀನು ವೆಕ್ಸಲ್ ಸ್ಟೇಷನ್‌ಗೆ ಹೋಗಿ ಅಲ್ಲಿಂದ ಗಾಡಿ ತಗೋಬೇಕಂತೆ. ಸಹಿ ಹಾಕು.”

ಪುಸ್ತಕ ಎತ್ತಿ ಹಿಡಿದೆ. ಡೆಲ್ಮರ್ ಇಂಜಿನ್ನಿನ ಬ್ರೇಕು ಬಿಗಿದ, ಬೇರೆ ಯಾರೂ ಓಡಿಸದಂತೆ ಹಿಡಿಕೆ ಕಳಚಿ ತಂದ, ಇಳಿದು ಬಂದು ಪೆನ್ಸಿಲು ತೆಗೆದುಕೊಂಡ.

“ಸಮಯ?”

“ಒಂದು ಹನ್ನೆರಡು.”

“ಒಂದು ಹದಿಮೂರು,” ಅಂದ. “ಆ ಗಡಿಯಾರ ಇನ್ನೂ ತಿದ್ದಿಸಿಲ್ವಾ ನೀನು?”

ಸಹಿ ಹಾಕಿ, ವರ್ಲೀನಳ ಕಡೆ ಟೋಪಿ ಮುಟ್ಟಿ, ಸ್ಟೇಷನ್ನಿಗೆ ಹೊರಟೇಹೋದ. ಎರಡು ಗಂಟೆಯ ಗಾಡಿಯಲ್ಲಿ ವೆಕ್ಸಲ್‌ಗೆ ಹೋಗಿ, ಇಲ್ಲದ ಸ್ಪೆಷಲ್ಲಿಗಾಗಿ ಎರಡು ದಿನ ಪ್ಲಾಟ್‌ಫಾರ್ಮಿನ ಮೇಲೆ ಕಾದ. ಕಾಯುವುದು ಬೇಡ ಎಂದು ಯಾರೂ ಬರೆದುಕೊಟ್ಟಿರಲಿಲ್ಲವಲ್ಲ.

ಹೋಬರ್ಟ್ ಹೊರಬರಲು ಬಹಳ ಹೊತ್ತಾಯಿತು. ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಬಾವುಟವಿದ್ದ ಜಾಗ ನೋಡಿದ. ಹೆಂಡತಿಯ ಹ್ಯಾಟು ನೋಡಿದ. ಕೈಚೀಲದ ಬಾಯಿಂದ ಇಣುಕುತ್ತಿದ್ದ ನೀಲಿ ಅಂಚು ನೋಡಿದ.

“ಬಟ್ಟೆ ನಿಂದೇ,” ಅಂದ. “ಆದ್ರೆ ನೆಟ್ಟೋನು ನಾನು. ಕೊಡು.”

ಅವಳು ಕೊಟ್ಟಳು. ಅವನು ಕೋಲಿಗೆ ಸಿಕ್ಕಿಸಿ ಹಳಿಗಳ ನಡುವೆ ತಿರುಗಿ ನೆಟ್ಟ. ಹಿಂದೆ ಸರಿದು ಒಂದು ಗಳಿಗೆ ನಿಂತ. ಆಮೇಲೆ ತಾನೇ ಕಿತ್ತು, ಕೊಡವಿ, ಮಡಚಿ ಎದೆಯ ಜೇಬಿಗಿಟ್ಟುಕೊಂಡು ಗಾಯ ತೊಳೆಯಲು ನಲ್ಲಿಯ ಕಡೆ ಹೋದ.

ವಿಚಾರಣೆ ಮುಂದಿನ ವಾರ ಅದೇ ಪರೀಕ್ಷೆಯ ಬೋಗಿಯಲ್ಲಿ ನಡೆಯಿತು. ಬ್ಯಾಸ್ಕಮ್ ಸಾಹೇಬರು ಮೊದಲು ನನ್ನನ್ನು ನಿಲ್ಲಿಸಿದರು.

“ಇಲ್ಲದ ಗಾಡಿಗೆ ಡ್ರೈವರನ್ನ ಕರೆದಿದೀರಿ. ಯಾಕೆ?”

“ಇಲ್ದಿದ್ರೆ ಒಬ್ಬ ಮನುಷ್ಯ ಸಾಯ್ತಿದ್ದ ಸರ್.”

“ಅದಕ್ಕೆ ಯಾವ ನಿಯಮ?”

“ಆರನೇ ಆಜ್ಞೆ ಸರ್.”

ಪಕ್ಕದ ಗುಮಾಸ್ತ ತಲೆ ಎತ್ತದೆ ಕೇಳಿದ: “ಪುಟ ಸಂಖ್ಯೆ?”

ಎಲ್ಲವನ್ನೂ ಹೇಳಿದೆ, ಜಾಲರಿ ಬಾಗಿಲಿನಿಂದ ಹಿಡಿದು. ಸಾಹೇಬರು ಕನ್ನಡಕ ಒರೆಸಿಕೊಂಡರು. ಮನೆಯೊಳಗಿನ ವಿಷಯಗಳು ಈ ಬೋಗಿಯ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಒಂದು ವಾರಕ್ಕೆ ತೀರ್ಪು ನೋಟಿಸ್ ಬೋರ್ಡಿಗೆ ಬಂತು. ಎಜ್ರಾ ಪೆಲ್, ಸುಳ್ಳು ಕರೆ: ಮೂವತ್ತು ಕಪ್ಪು ಚುಕ್ಕೆ. ಹೋಬರ್ಟ್ ಸ್ಲೇಟನ್, ಕಂಪನಿ ಅಂಗೀಕರಿಸದ ಬಟ್ಟೆಯ ಬಾವುಟ: ಐದು. ವರ್ಲೀನ್ ಸ್ಲೇಟನ್, ಕೆಲಸಗಾರಳಲ್ಲವಾದ್ದರಿಂದ ಚುಕ್ಕೆ ಹಾಕಲು ಬಾರದು. ಕುಟುಂಬದ ಉಚಿತ ಪಾಸು ರದ್ದು. ಡೆಲ್ಮರ್ ಕ್ರೌಚ್, ಪರರ ಒತ್ತಡಕ್ಕೆ ಮಣಿಯದೆ ನೀಲಿ ಬಾವುಟದ ಗೌರವ ಕಾಪಾಡಿದ್ದಕ್ಕೆ: ಪ್ರಶಂಸಾ ಪತ್ರ. ಅದಕ್ಕೆ ಚೌಕಟ್ಟನ್ನೂ ಕಂಪನಿಯೇ ಹಾಕಿಸಿಕೊಟ್ಟಿತು.

ವರ್ಲೀನ್ ಟಿಕೆಟ್ ಕೊಂಡು ಸಿನ್ಸಿನಾಟಿಗೆ ಹೋದಳು. ಡೆಲ್ಮರ್ ಜೊತೆಗೆ ಹೋಗಲಿಲ್ಲ. ಆ ವಾರ ಅವನಿಗೆ ರಜೆ ಇರಲಿಲ್ಲ.

ನಾನು ಹೋಬರ್ಟ್‌ನ ಮನೆಗೆ ಹೋದೆ. ಪುಸ್ತಕ ಒಯ್ಯಲಿಲ್ಲ. ಅವನು ಅಡುಗೆಮನೆಯ ಪಟ್ಟಿಪರದೆ ಬಿಚ್ಚುತ್ತಿದ್ದ. ಬಿಚ್ಚಿದ ಮೇಲೂ ಕೋಣೆಯ ಬೆಳಕು ಹಾಗೇ ಇತ್ತು.

“ಏಪ್ರಿಲಿಂದ ನಂಗೆ ಗೊತ್ತಿತ್ತು,” ಅಂದೆ. “ಹೇಳ್ಬೇಕಾಗಿತ್ತು.”

“ನಂಗೂ ಏಪ್ರಿಲಿಂದ ಗೊತ್ತಿತ್ತು.” ಅವನು ಕಾಫಿ ಕಪ್ಪು ಬಡಿದು ನೋಡಿ ನನ್ನ ಮುಂದಿಟ್ಟ. “ಅವಳ ದನಿ ಒಡೆದಿತ್ತು. ಮಂಗಳವಾರ ಅವರು ಮಾತಾಡಿದ್ದೂ ಪೂರ್ತಿ ಕೇಳಿಸ್ತು.”

“ಅಯ್ಯೋ, ಮತ್ತೆ ಹೊರಗೆ ಬರೋಕೇನಾಗಿತ್ತು ನಿಂಗೆ?”

“ಬಾವುಟ ಇತ್ತಲ್ಲ. ಡೆಲ್ಮರ್ ಮುಟ್ಟಲ್ಲ ಅಂತ ಗೊತ್ತಿತ್ತು.” ಅವನು ಕಿಟಕಿಯಾಚೆ ನೋಡಿದ. “ಅವಳು ಆ ಪರೀಕ್ಷೆಗೆ ಕೂತಿಲ್ಲ ಅನ್ನೋದು ಮರೆತೆ.”

“ಪೊಲೀಸಿಗೆ ಹೇಳಲ್ವಾ?”

“ಏನಂತ ಹೇಳ್ಲಿ? ನನ್ನ ಹೆಂಡ್ತಿ ಅವಳ ಬಟ್ಟೆ ವಾಪಸ್ ತಗೊಂಡ್ಲು ಅಂತಲಾ?”

ಎದೆಯ ಜೇಬಿನಲ್ಲಿ ಆ ನೀಲಿ ಮಡಿಕೆ ಇನ್ನೂ ಇತ್ತು. ಲೈನಿನಲ್ಲಿ ಈಗ ಅವನು ಕಂಪನಿಯ ತಗಡನ್ನೇ ನೆಡುತ್ತಾನೆ.

ನಾನು ಕಪ್ ಎತ್ತಿಕೊಂಡಾಗ ಅವನು ಮೇಜಿನಾಚೆಯಿಂದ ಕೈ ಚಾಚಿ, ಬೆರಳು ಮಡಚಿ, ನನ್ನ ಎದೆಗೆ ಮತ್ತೆರಡು ಸಲ ಬಡಿದ. ತಲೆ ವಾರೆ ಮಾಡಿ ಕೇಳಿದ. ಏನು ಕೇಳಿಸಿತೆಂದು ಹೇಳಲಿಲ್ಲ. ಕಾಫಿ ಮಾತ್ರ ಕಪ್ಪಿನ ತುಂಬ ಸುರಿದ.

ಆಮೇಲೂ ನಾನು ಅದೇ ಕೆಲಸದಲ್ಲಿದ್ದೇನೆ. ಬಾಗಿಲು ತಟ್ಟುತ್ತೇನೆ, ತೆರೆಯುತ್ತಾರೆ, ಆದರೆ ಅರ್ಧ ಮಾತ್ರ. ಸಂದಿಯಿಂದ ತಲೆ ಹಾಕಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: “ಡೀಕನ್, ಇದು ನಿಜವಾದ ಕರೆಯೋ, ಇಲ್ಲಾ ಯಾರದ್ದಾದ್ರೂ ಜೀವ ಉಳಿಸೋ ಕರೆಯೋ?”

ಪೆನ್ಸಿಲು ಮುಂದೆ ಚಾಚುತ್ತೇನೆ. ಗಡಿಯಾರ ತಿದ್ದಿಸಿಲ್ಲ. ಅದು ಇಂದಿಗೂ ಅರ್ಧ ನಿಮಿಷ ಹಿಂದಿದೆ.